ಜೋಡುದೋಣಿಯ ಅಕ್ಕ

ಸಂತಾಪ ಸಭೆಯಲ್ಲಿ ಮಾತನಾಡಿದವರೆಲ್ಲ ‘ಪಾಪ’ ಎಂದರು. ದುಬೈಯ ಕರಾಮಾದಲ್ಲಿ ಒಂದು ಹೋಟೆಲಿನ ಮೇಲ್ಮಹಡಿಯ ಹಾಲ್. ಮುಂದೆ ಹಾರ ಹಾಕಿದ ಫೋಟೋ, ಹಿಂದಿನ ಟೇಬಲ್ಲಿನ ಮೇಲೆ ಆರುತ್ತಿದ್ದ ಟೀ. ಪಾಪ, ಒಂಟಿ ಜೀವ ಎಂದು ಒಬ್ಬರು. ಪಾಪ, ಇಷ್ಟು ವರ್ಷ ಗಲ್ಫಿನಲ್ಲಿ ದುಡಿದರೂ ಮನೆ ಅಂತ ಒಂದು ಮಾಡಿಕೊಳ್ಳಲಿಲ್ಲ ಎಂದು ಇನ್ನೊಬ್ಬರು. ಕೊನೆಗೆ ತೀರಿಕೊಂಡವರ ಸ್ವಂತ ತಮ್ಮನೇ ಎದ್ದು ನಿಂತು, ‘ನಮ್ಮ ಅಕ್ಕನಿಗೆ ಒಂದು ಮನೆಯೊಳಗೆ ಪ್ರಾಣ ಬಿಡುವ ಯೋಗ ಸಹ ಇರ್ಲಿಲ್ಲ, ಪಾಪ’ ಎಂದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಎರಡು ಮಾತು ಹೇಳಿಯೇಬಿಡೋಣ ಎಂದು ಹೊರಟವನನ್ನು ನನ್ನ ಹೆಂಡತಿ ತೋಳು ಹಿಡಿದು ಕೂರಿಸಿದಳು. ಸತ್ತವರ ಮುಂದೆ ಜಗಳ ಬೇಡ ಎಂದು ಅವಳ ಲೆಕ್ಕ. ಸತ್ತವರು ಎದ್ದು ಬಂದಿದ್ದರೆ ನನಗಿಂತ ಮೊದಲು ಅವರೇ ಜಗಳ ತೆಗೆಯುತ್ತಿದ್ದರು ಎನ್ನುವುದು ನನ್ನ ಲೆಕ್ಕ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರಿಗೆ ಮನೆ ಇತ್ತು. ಆ ಹಾಲಿನಲ್ಲಿ ಕೂತು ಕನಿಕರಪಟ್ಟ ನಾವೆಲ್ಲರೂ ಬಾಡಿಗೆದಾರರು. ಈ ದೇಶದಲ್ಲಿ ರಾತ್ರಿ ಸ್ವಂತ ಮನೆಯಲ್ಲಿ ಮಲಗುತ್ತಿದ್ದವರು ನಮ್ಮ ಪೈಕಿ ಅವರೊಬ್ಬರೇ. ಆ ಮನೆ ನೀರಿನ ಮೇಲಿತ್ತು, ಅಷ್ಟೇ.

ಹೆಸರು ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಬರೆಯುತ್ತೇನೆಂದರೆ ‘ಬೇರೆ ಕೆಲಸ ಇಲ್ವಾ ಮಾರಾಯ್ರೆ’ ಎಂದು ಓಡಿಸುತ್ತಿದ್ದರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು, ಇಲ್ಲಿಯೂ ಅಕ್ಕ ಎಂದೇ ಇರಲಿ.

ನಾನು ಎಸಿ ಕಂಪನಿಯವನು. ದೊಡ್ಡ ಕಟ್ಟಡಗಳನ್ನು ತಂಪು ಮಾಡುವ ಯಂತ್ರಗಳಲ್ಲಿ ಓಡಾಡುವ ನೀರನ್ನು ಆಗಾಗ ಪರೀಕ್ಷೆಗೆ ಕಳಿಸಬೇಕಾಗುತ್ತದೆ. ನಾವು ಕಳಿಸುತ್ತಿದ್ದ ದುಬೈಯ ಲ್ಯಾಬಿನಲ್ಲಿ ಫೋನೆತ್ತುತ್ತಿದ್ದವರು ಅಕ್ಕ. ಬಹಳ ದಿನ ಇಬ್ಬರೂ ಇಂಗ್ಲಿಷಿನಲ್ಲೇ ಮರ್ಯಾದೆಯಿಂದ ಇದ್ದೆವು. ಒಂದು ದಿನ ನಾನು ಬಾಟಲಿಯ ಮುಚ್ಚಳ ಸರಿಯಾಗಿ ಹಾಕದೆ ಕಳಿಸಿದ್ದಕ್ಕೆ ಅವರು ಫೋನ್ ಪಕ್ಕಕ್ಕಿಟ್ಟು ಯಾರಿಗೋ, ‘ಇವನಿಗೆಂತ ತಲೆ ಸರಿ ಇಲ್ವಾ’ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ‘ಸರಿ ಇದೆ ಮೇಡಂ, ಸ್ವಲ್ಪ ಬಿಸಿಯಾಗಿದೆ’ ಎಂದೆ. ಆ ಕಡೆಯಿಂದ ಬಂದ ನಗು ಇನ್ನೂ ಕಿವಿಯಲ್ಲಿದೆ. ಆ ವಾರವೇ ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಬನ್ನಿ ಎಂದರು. ಶುಕ್ರವಾರ, ಊಟಕ್ಕೆ.

ಅವರು ಹೇಳಿದ ಜಾಗದಲ್ಲಿ ಮುಗಿಲೆತ್ತರದ ಕಟ್ಟಡಗಳೇ ಇರುವುದು. ಯಾವ ಟವರ್, ಎಷ್ಟನೇ ಮಹಡಿ ಎಂದು ಕೇಳಿದರೆ, ‘ಮಹಡಿ ಗಿಹಡಿ ಎಂತದೂ ಇಲ್ಲ. ಬೋಟ್ ನಿಲ್ಲಿಸುವ ಗೇಟಿನ ಹತ್ರ ಬಂದು ಫೋನ್ ಮಾಡಿ’ ಎಂದರು. ನಾವು ಮೂಸಂಬಿಯ ಚೀಲ ಹಿಡಿದು ಹೋದೆವು. ಎರಡು ದೋಣಿಗಳನ್ನು ಅಕ್ಕಪಕ್ಕ ಇಟ್ಟು ನಡುವೆ ಒಂದು ಮನೆ ಕೂರಿಸಿದ ಹಾಗಿನ ಬಿಳಿ ಬೋಟು. ಕ್ಯಾಟಮರಾನ್ ಎನ್ನುತ್ತಾರಂತೆ. ಓಹೋ, ಊಟಕ್ಕೆ ಮುಂಚೆ ಜಾಲಿ ರೈಡ್ ಇರಬೇಕು ಎಂದುಕೊಂಡು ನಾನು ಖುಷಿಯಿಂದ ಒಂದು ಕಾಲು ಎತ್ತಿ ಒಳಗಿಟ್ಟೆ.

‘ಚಪ್ಪಲಿ!’

ಆ ಕೂಗಿಗೆ ಪಕ್ಕದ ಬೋಟಿನ ಬಿಳಿಯನೂ ತನ್ನ ಕಾಲು ನೋಡಿಕೊಂಡ.

‘ನಿಮ್ಮ ಘಟ್ಟದ ಮೇಲೆ ಮನೆಯೊಳಗೆ ಚಪ್ಪಲಿ ಹಾಕ್ಕೊಂಡೇ ಬರುದಾ?’

ನೈಟಿಯ ಮೇಲೊಂದು ಟವೆಲ್ ಹೊದ್ದು, ಕೈಯಲ್ಲಿ ಸೌಟು ಹಿಡಿದು ಅಕ್ಕ ನಿಂತಿದ್ದರು. ಬೋಟು ಕಟ್ಟಿದ್ದ ಧಕ್ಕೆಯ ಮೇಲೆ ಬೆತ್ತದ ಬುಟ್ಟಿಯೊಂದಿತ್ತು. ಅದರಲ್ಲಿ ಅವರ ನೀಲಿ ಹವಾಯಿ ಚಪ್ಪಲಿ. ನಮ್ಮ ಮೂರು ಜೊತೆಯೂ ಅದರೊಳಗೆ ಬಿದ್ದ ಮೇಲೆಯೇ ‘ಬನ್ನಿ, ಬನ್ನಿ’ ಎಂದದ್ದು. ಮೂಸಂಬಿಯನ್ನು ಆಮೇಲೆ ಇಸಕೊಂಡರು.

ಒಳಗೆ ಹೋದರೆ ನಿಜವಾಗಿಯೂ ಮನೆಯೇ. ನಡುವೆ ಅಡುಗೆಯ ಕಟ್ಟೆ, ಊಟದ ಮೇಜು. ಎಡಬಲಕ್ಕೆ ಮೆಟ್ಟಿಲಿಳಿದರೆ ಎರಡು ದೋಣಿಗಳ ಹೊಟ್ಟೆಯಲ್ಲಿ ಮಲಗುವ ಕೋಣೆಗಳು. ಹಿಂಭಾಗದಲ್ಲಿ ನೆರಳಿರುವ ತೆರೆದ ಜಾಗವನ್ನು ಅವರು ‘ಜಗಲಿ’ ಎನ್ನುತ್ತಿದ್ದರು. ಅದರ ಕಂಬಿಗೆ ಬಸಳೆಯ ಬಳ್ಳಿ ಹಬ್ಬಿತ್ತು. ಮುಂಭಾಗದಲ್ಲಿ ಎರಡು ದೋಣಿಗಳ ಮೂತಿಗಳ ನಡುವೆ ಬಲೆ ಬಿಗಿದಿರುತ್ತಾರೆ. ಬೇರೆ ಬೋಟುಗಳಲ್ಲಿ ಅದರ ಮೇಲೆ ಬಿಕಿನಿ ತೊಟ್ಟವರು ಮಲಗಿರುತ್ತಿದ್ದರು. ಅಕ್ಕನ ಬೋಟಿನಲ್ಲಿ ಹಳೆ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದರು. ಮೇಲಿನಿಂದ ಬಿಸಿಲು, ಕೆಳಗಿನಿಂದ ಗಾಳಿ, ಇದಕ್ಕಿಂತ ಒಳ್ಳೆ ಮಾಳಿಗೆ ಯಾವ ಟವರಿನಲ್ಲಿ ಉಂಟು ಹೇಳಿ ಎಂದು ನನ್ನ ಹೆಂಡತಿಯನ್ನು ಕೇಳಿದರು. ಅಲ್ ನಹ್ದಾದ ನಮ್ಮ ಫ್ಲಾಟಿನಲ್ಲಿ ಬಾಲ್ಕನಿಗೆ ಬಟ್ಟೆ ಹಾಕಿದರೂ ವಾಚ್‌ಮನ್ ಬಂದು ಬೆಲ್ ಒತ್ತುತ್ತಿದ್ದ.

ಕ್ಯಾಟಮರಾನ್ ಎಂಬ ಮಾತು ಅವರಿಗಾಗದು. ‘ಕಟ್ಟುಮರ ಅಂತ ನಮ್ಮ ಕಡೆಯವರು ಇಟ್ಟ ಹೆಸರು. ತಮಿಳಿನವರದ್ದೋ ನಮ್ಮದೋ, ಒಟ್ಟಾರೆ ಇವರದ್ದಲ್ಲ. ನಮ್ಮದನ್ನೇ ತಗೊಂಡು ಹೋಗಿ ಮೂಗಲ್ಲಿ ಹೇಳಿ ನಮಗೇ ಮಾರ್ತಾರೆ’ ಎನ್ನುತ್ತಿದ್ದರು. ಅವರು ಕರೆಯುತ್ತಿದ್ದದ್ದು ಜೋಡುದೋಣಿ ಎಂದು. ಅವರ ಊರು ಉಡುಪಿ ಕಡೆಯ ಒಂದು ಹೊಳೆಬದಿ. ಸೇತುವೆ ಆಗುವ ಮೊದಲು ಅಲ್ಲಿ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಜೀಪು, ದನ, ಮದುವೆ ದಿಬ್ಬಣ ಎಲ್ಲವನ್ನೂ ದಾಟಿಸುತ್ತಿದ್ದರಂತೆ. ಶಾಲೆಗೆ ಹೋಗುವಾಗ ಅದರ ಮೇಲೆ ನಿಂತ ಹುಡುಗಿಗೆ, ಇದು ಇಲ್ಲೇ ನಡುಹೊಳೆಯಲ್ಲೇ ನಿಂತುಬಿಡಲಿ, ಆಚೆ ದಡವೂ ಬೇಡ ಈಚೆ ದಡವೂ ಬೇಡ ಎನಿಸುತ್ತಿತ್ತಂತೆ. ‘ಆ ಬುದ್ಧಿ ಹೋಗ್ಲೇ ಇಲ್ಲ ನೋಡಿ’ ಎಂದರು.

ಬೋಟು ಕೊಳ್ಳುವ ಮೊದಲಿನ ಕಾಲವೆಲ್ಲ ಅಬುಧಾಬಿ ಕಡೆಯ ರುವೈಸಿನಲ್ಲಿ, ರಿಫೈನರಿಯ ಲ್ಯಾಬಿನಲ್ಲಿ. ಕಂಪನಿಯೇ ಕೊಟ್ಟ ಕ್ವಾರ್ಟರ್ಸು, ಕಂಪನಿಯದೇ ಮಂಚ, ಕಂಪನಿಯದೇ ಪರದೆ. ಗೋಡೆಗೆ ಮೊಳೆ ಹೊಡೆಯಬೇಕಾದರೆ ಅನುಮತಿ ಕೇಳಬೇಕು. ಅಮ್ಮ ತೀರಿಕೊಂಡಾಗ ಫೋಟೋ ಹಾಕಲು ಕೇಳಿದ್ದಕ್ಕೆ ಟೇಬಲ್ ಮೇಲೆ ಇಟ್ಟುಕೊಳ್ಳಿ ಎಂದರಂತೆ. ಕೆಲಸ ಬಿಟ್ಟಾಗ ಕೈಗೆ ಬಂದ ಹಣದಲ್ಲಿ ಊರಲ್ಲಿ ಒಂದು ಮನೆ ಕಟ್ಟಿಸಿ ಬೀಗ ಹಾಕಿಡುವುದು ನಮ್ಮವರ ವಾಡಿಕೆ. ಅಕ್ಕ ದುಬೈಗೆ ಬಂದು, ದೇಶ ಬಿಟ್ಟು ಹೋಗುತ್ತಿದ್ದ ಒಬ್ಬನಿಂದ, ತಳಕ್ಕೆಲ್ಲ ಚಿಪ್ಪು ಹತ್ತಿದ್ದ ಈ ಹಳೆಯ ಬೋಟು ಕೊಂಡರು. ಕೊಂಡ ದಿನ ಮೊದಲು ಮಾಡಿದ ಕೆಲಸ, ಗೋಡೆಗೆ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದು ಅಮ್ಮನ ಫೋಟೋ ಹಾಕಿದ್ದು. ಆಮೇಲೆ ಹಾಲು ಉಕ್ಕಿಸಿದರು. ಬೋಟ್ ನಡೆಸುವುದನ್ನು ಕಲಿತು ಲೈಸೆನ್ಸ್ ತೆಗೆದದ್ದು ಅದಕ್ಕೂ ಆಮೇಲೆ.

ಸುಲಭದ ಮನುಷ್ಯರೇನೂ ಅಲ್ಲ. ನಲ್ಲಿಯಲ್ಲಿ ಒಂದು ಲೋಟ ನೀರು ಹೆಚ್ಚು ಬಿಟ್ಟರೆ ಮುಖ ನೋಡದೆ ಬೈಯುತ್ತಿದ್ದರು. ಒಂದು ಆಗಸ್ಟಿನಲ್ಲಿ ಬೋಟಿನ ಎಸಿ ಕೆಟ್ಟಿತು. ದುಬೈಯ ಆಗಸ್ಟಿನಲ್ಲಿ ಎಸಿ ಇಲ್ಲದ ಬೋಟೆಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಕರೆದುಕೊಂಡು ಬರೋಣವೆಂದು ಹೋದೆ. ಒದ್ದೆ ಟವೆಲ್ ತಲೆಗೆ ಸುತ್ತಿ ಜಗಲಿಯಲ್ಲಿ ಕೂತಿದ್ದರು.

‘ಎರಡು ದಿನ ನಮ್ಮನೇಲಿ ಇರಿ ಅಕ್ಕ. ಯಾಕೆ ಹಿಂಗೆ ಬೇಯ್ತೀರ, ಪಾಪ’ ಎಂದುಬಿಟ್ಟೆ.

‘ಪಾಪ ಎಂತದ್ದು ಮಾರಾಯ್ರೆ? ನನ್ನ ಹತ್ರ ಎರಡೆರಡು ಇಂಜಿನ್ ಉಂಟು. ಪಾಪ ಹೇಳ್ಲಿಕ್ಕೆ ಬಂದದ್ದಾ, ಎಸಿ ನೋಡ್ಲಿಕ್ಕೆ ಬಂದದ್ದಾ?’

ಅಂಗಿ ಬಿಚ್ಚಿ, ಹೊಟ್ಟೆಯ ಮೇಲೆ ಹರಿದಾಡಿ, ಇಡೀ ಮಧ್ಯಾಹ್ನ ಆ ಎಸಿ ರಿಪೇರಿ ಮಾಡಿದೆ. ತಂಪು ಗಾಳಿ ಬಂದಾಗ ಥ್ಯಾಂಕ್ಸ್ ಹೇಳಲಿಲ್ಲ. ತಟ್ಟೆಯ ತುಂಬ ಕರಿದ ಸಂಡಿಗೆ ತಂದಿಟ್ಟರು. ‘ಪಾಪ’ ಎಂಬ ಮಾತನ್ನು ನಾನು ಅವರೆದುರು ಮತ್ತೆ ಬಳಸಲಿಲ್ಲ.

ಬಳಸುತ್ತಲೇ ಇದ್ದವರು ತಮ್ಮ. ಶಾರ್ಜಾದಲ್ಲಿ ದೊಡ್ಡ ಫ್ಲಾಟು, ಒಳ್ಳೆಯ ಕೆಲಸ, ನಾಲ್ಕು ಜನರ ನಡುವೆ ಹೆಸರು. ಅಕ್ಕ ಮದುವೆಯಾಗದೆ ಉಳಿದದ್ದನ್ನು ಹೇಗೋ ನುಂಗಿಕೊಂಡಿದ್ದರು, ಈ ಬೋಟನ್ನು ನುಂಗಲಾಗಲಿಲ್ಲ. ಮೊದಲ ಸಲ ಬಂದಾಗ ಶೂ ಹಾಕಿಕೊಂಡೇ ಹತ್ತಲು ಹೋದರಂತೆ. ಬಿಚ್ಚು ಎಂದರು ಅಕ್ಕ. ‘ಬಿಚ್ಲಿಕ್ಕೆ ಇದೆಂತ ಮನೆಯಾ?’ ಎಂದರು ತಮ್ಮ. ‘ಮನೆ ಅಲ್ಲ ಅಂತ ಆದ್ರೆ ನಿಂಗೆ ಒಳಗೆಂತ ಕೆಲಸ?’ ಎಂದರು ಅಕ್ಕ. ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಬರುತ್ತಿದ್ದರು, ಪ್ರತಿ ಹಬ್ಬಕ್ಕೂ ಬರುತ್ತಿದ್ದರು, ಪಾಯಸದ ಡಬ್ಬಿಯನ್ನೂ ತರುತ್ತಿದ್ದರು. ಆದರೆ ಧಕ್ಕೆಯ ಮೇಲೆ ಶೂ ಹಾಕಿಕೊಂಡೇ ನಿಂತು ಮಾತಾಡಿ, ಡಬ್ಬಿ ಕೈ ಚಾಚಿ ಕೊಟ್ಟು ಹೊರಟುಹೋಗುತ್ತಿದ್ದರು. ಇಬ್ಬರೂ ಜಗಳ ಶುರುಮಾಡುವುದು ತುಳುವಿನಲ್ಲಿ. ನಾನಿದ್ದರೆ ಅಕ್ಕ ತಟ್ಟನೆ ಕನ್ನಡಕ್ಕೆ ಹೊರಳುತ್ತಿದ್ದರು, ಸಾಕ್ಷಿಗೆ ಅರ್ಥವಾಗಲಿ ಎಂದು.

‘ಕಾಲಡಿಗೆ ನೆಲ ಬೇಡ್ವಾ ಅಕ್ಕ ನಿಂಗೆ?’

‘ನಿನ್ನ ಕಾಲಡಿಯದ್ದು ಯಾರ ನೆಲ? ವೀಸಾ ಮುಗಿದ್ರೆ ನೀನೂ ತೇಲುವವನೇ. ನಾನು ತೇಲ್ತಿದ್ದೇನೆ ಅಂತ ಒಪ್ಕೊಂಡಿದ್ದೇನೆ, ಅಷ್ಟೇ ವ್ಯತ್ಯಾಸ.’

ಆಮೇಲೆ ಆ ಬೋಟುಕಟ್ಟೆಗೆ ಹೊಸ ಮ್ಯಾನೇಜರ್ ಬಂದ. ಮೊದಲು ಬಸಳೆ ತೆಗೆಯಿರಿ ಎಂದ, ಆಮೇಲೆ ಸಂಡಿಗೆ ತೆಗೆಯಿರಿ ಎಂದ, ಕೊನೆಗೆ ಬೋಟಿನಲ್ಲಿ ವಾಸ ಮಾಡುವುದನ್ನೇ ಬಿಡಿ ಎಂದ. ಅಕ್ಕ ಬಸಳೆ ಕೊಯ್ದು ಪದಾರ್ಥ ಮಾಡಿ ಅವನಿಗೇ ಕಳಿಸಿದರು. ಅವನು ಮೇಲಿನ ಅಧಿಕಾರಿಯನ್ನು ಕರೆತರುವುದಾಗಿ ಹೇಳಿದ ದಿನ ನನಗೆ ಫೋನ್ ಬಂತು. ‘ಮಾತಾಡ್ಲಿಕ್ಕಲ್ಲ, ಸುಮ್ಮನೆ ಕೂತ್ಕೊಳ್ಳಿಕ್ಕೆ ಬನ್ನಿ.’

ಆ ದಿನ ಸೀರೆ ಉಟ್ಟಿದ್ದರು. ಮ್ಯಾನೇಜರ್ ಟೈ ಸರಿಮಾಡಿಕೊಳ್ಳುತ್ತ ಬಂದ. ಜೊತೆಗಿದ್ದ ಅಧಿಕಾರಿ ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ, ಗಡ್ಡ ನೆರೆತ ಅರಬ್ಬಿ ಹಿರಿಯರು. ಬುಟ್ಟಿ ಕಂಡು ಮ್ಯಾನೇಜರ್ ಬೂಟು ಕಳಚಿದ. ಹಿರಿಯರು ಬುಟ್ಟಿಯ ಕಡೆ ನೋಡಲೂ ಇಲ್ಲ, ಬಾಗಿಲು ಕಂಡ ಕೂಡಲೇ ಚಪ್ಪಲಿಯನ್ನು ಧಕ್ಕೆಯ ಮೇಲೇ ಬಿಟ್ಟು ಸಲಾಂ ಹೇಳಿ ಒಳಬಂದರು. ಅಕ್ಕ ಏಲಕ್ಕಿ ಟೀ ಕೊಟ್ಟರು. ಇಂಗ್ಲಿಷು, ಹಿಂದಿ, ಒಂದಿಷ್ಟು ಅರಬ್ಬಿ ಕಲಸಿ ಮಾತು ನಡೆಯಿತು.

ಇದು ಹಡಗು, ಹಡಗು ವಾಹನ, ವಾಹನದಲ್ಲಿ ವಾಸ ಮಾಡುವಂತಿಲ್ಲ ಎಂದ ಮ್ಯಾನೇಜರ್.

ಟ್ಯಾಕ್ಸಿ ಹತ್ತುವಾಗ ಬೂಟು ಬಿಚ್ಚುತ್ತೀರಾ ಎಂದು ಅಕ್ಕ ಕೇಳಿದರು.

ಡೆಕ್ಕಿಗೆ ಗೀರು ಬೀಳಬಾರದೆಂದು ಎಲ್ಲ ಬೋಟಿನಲ್ಲೂ ಬಿಚ್ಚುತ್ತಾರೆ ಎಂದ ಅವನು. ಉತ್ತರ ಸರಿಯಾಗೇ ಇತ್ತು. ಅಕ್ಕ ಹಿರಿಯರ ಕಡೆ ತಿರುಗಿದರು. ‘ಬಾಬಾ, ನೀವು ಚಪ್ಪಲಿ ಬಿಟ್ಟದ್ದು ಡೆಕ್ಕಿಗಾಗಿಯಾ?’

ಹಿರಿಯರು ತಮ್ಮ ಬರಿಗಾಲು ನೋಡಿಕೊಂಡರು. ಆಮೇಲೆ ಅಮ್ಮನ ಫೋಟೋ ನೋಡಿದರು, ಬಸಳೆ ನೋಡಿದರು, ಗಡ್ಡ ಸವರಿಕೊಂಡು ನಕ್ಕರು. ‘ಲಾ. ಹಾದಾ ಬೈತ್’ ಎಂದರು. ಅಲ್ಲ, ಇದು ಮನೆ.

ಗೆದ್ದೆವು ಎಂದುಕೊಂಡೆ. ಹಿರಿಯರು ಟೀ ಮುಗಿಸಿ ಮೆಲ್ಲನೆ ಹೇಳಿದ್ದು ಬೇರೆಯೇ. ಮನೆಯಾದ್ದರಿಂದಲೇ ತೊಂದರೆ. ಬೋಟಾದರೆ ಇಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು. ಇದು ಬರೀ ಬೋಟು, ನನ್ನ ವಾಸ ಬೇರೆ ಕಡೆ ಎಂದು ನೀವು ಬಾಯಲ್ಲಿ ಒಂದು ಮಾತು ಹೇಳಿ, ಯಾವುದಾದರೂ ಫ್ಲಾಟಿನ ವಿಳಾಸ ಕೊಡಿ. ರಾತ್ರಿ ಯಾರು ಎಲ್ಲಿ ಮಲಗುತ್ತಾರೆಂದು ನಾನು ಬಂದು ನೋಡುವುದಿಲ್ಲ. ಖಲಾಸ್.

ಎಷ್ಟು ದೊಡ್ಡ ಮನಸ್ಸು! ನನಗೆ ತಡೆಯಲಾಗಲಿಲ್ಲ. ಸುಮ್ಮನಿರಲು ಬಂದವನು ಬಾಯಿ ಹಾಕಿದೆ. ‘ಅಕ್ಕ, ನಮ್ಮನೆ ಅಡ್ರೆಸ್ ಕೊಡಿ. ಒಂದು ಮಾತು ತಾನೇ, ಹೇಳ್ಬಿಡಿ.’

ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಕೈಯಲ್ಲಿದ್ದ ಟೀ ತಣ್ಣಗಾಯಿತು.

‘ನಿಮ್ಮ ಮನೆಯನ್ನು ನನ್ನ ಮನೆ ಹೇಳ್ಬೇಕು, ನನ್ನ ಮನೆಯನ್ನು ಬೋಟ್ ಹೇಳ್ಬೇಕು. ಎರಡು ಸುಳ್ಳು ಹೇಳಿ ಇಲ್ಲೇ ಬಿದ್ದಿರ್ಬೇಕಾ? ಆಗುದಿಲ್ಲ ಮಾರಾಯ್ರೆ.’ ಹಿರಿಯರಿಗೆ ಕೈ ಜೋಡಿಸಿ ಅದನ್ನೇ ಹಿಂದಿಯಲ್ಲಿ ಹೇಳಿದರು. ‘ಇದು ಮನೆ. ಇಲ್ಲಿ ಮನೆ ಇರಬಾರದು ಅಂತಾದರೆ ನಾನು ಹೋಗುತ್ತೇನೆ.’ ಹಿರಿಯರು ಎದೆಯ ಮೇಲೆ ಕೈಯಿಟ್ಟು ಎದ್ದರು. ಮ್ಯಾನೇಜರ್ ತಿಂಗಳ ಗಡುವು ಕೊಟ್ಟ.

ಅವರೆಲ್ಲ ಹೋದ ಮೇಲೆ ಅಕ್ಕ ಜಗಲಿಯಲ್ಲಿ ಕೂತರು. ಇದನ್ನೂ ಮಾರಿ, ಮತ್ತೆ ಇನ್ನೊಬ್ಬರ ಗೋಡೆಯೊಳಗೆ ಹೋಗಬೇಕಾದೀತೇ ಎಂಬುದು ಅವರ ಮನಸ್ಸಿನಲ್ಲಿತ್ತು ಎಂಬುದಂತೂ ನಿಜ. ಫೋಟೋದ ಕಡೆ ಮತ್ತೆ ಮತ್ತೆ ನೋಡುತ್ತಿದ್ದರು.

ಗಡುವು ಮುಗಿಯುವುದರೊಳಗೆ ಅಬುಧಾಬಿಯಲ್ಲಿ ಒಂದು ಬೋಟುಕಟ್ಟೆ ಹುಡುಕಿದರು. ಅಲ್ಲಿ ಬೋಟಿನಲ್ಲೇ ವಾಸಿಸುವವರಿಗೆ ಒಂದು ಸಾಲನ್ನೇ ಬಿಟ್ಟಿದ್ದರು. ಅಲ್ಲೇ ಮುಸಫಾದ ಲ್ಯಾಬೊಂದರಲ್ಲಿ ಕೆಲಸವನ್ನೂ ಹಿಡಿದರು. ತಮಾಷೆಯೆಂದರೆ ಅದೇ ತಿಂಗಳು ನಮ್ಮ ಫ್ಲಾಟಿನ ಮಾಲೀಕನೂ ಮನೆ ಖಾಲಿ ಮಾಡಿ ಎಂದ. ಅಲ್ ನಹ್ದಾ ಕೈಗೆಟುಕದೆ ನಾವು ಊರಂಚಿನ ಅಗ್ಗದ ಇಂಟರ್‌ನ್ಯಾಷನಲ್ ಸಿಟಿಗೆ ಹೊರಟೆವು. ರಟ್ಟಿನ ಡಬ್ಬಗಳು, ಟೇಪು, ಹಗ್ಗ, ಮುರಿದ ಮಂಚ. ‘ಅಕ್ಕನ ಮನೆ ಅವರ ಜೊತೆ ಹೋಗುತ್ತೆ, ನಮ್ಮ ಮನೆ ಯಾಕೆ ಬರೋದಿಲ್ಲ?’ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಡಬ್ಬಕ್ಕೆ ಟೇಪು ಹಚ್ಚು ಎಂದು ಗದರಿದೆ.

ಬೋಟು ಹೊರಡುವ ದಿನ ಜೊತೆಗೆ ಬನ್ನಿ ಎಂದರು. ನಾನು ಬಯಲುಸೀಮೆಯವನು, ಈಜು ಬಾರದು, ಕೆರೆ ಕಂಡರೂ ದೂರ ನಿಲ್ಲುವವನು. ಆದರೂ ಹೋದೆ. ಚಳಿಗಾಲದ ಬೆಳಗಿನ ಜಾವ. ಧಕ್ಕೆಯ ಮೇಲೆ ತಮ್ಮ ಬಂದು ನಿಂತಿದ್ದರು, ಶೂ ಹಾಕಿಕೊಂಡು, ಪಾಯಸದ ಡಬ್ಬಿ ಇಲ್ಲದೆ. ನೈಟಿಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಅಕ್ಕ ಚುಕ್ಕಾಣಿ ಹಿಡಿದಿದ್ದರು.

‘ಬೇಡ ಅಕ್ಕ. ಜನ ಎಂತ ಹೇಳ್ತಾರೆ? ಬಾ, ನಮ್ಮ ಮನೆಗೆ ಹೋಗುವ.’

‘ಹಗ್ಗ ಬಿಚ್ಚು’ ಎಂದರು ಅಕ್ಕ.

ತಮ್ಮ ಬಗ್ಗಿ ಹಗ್ಗ ಬಿಚ್ಚಿ ಒಳಗೆಸೆದರು. ಎರಡು ಇಂಜಿನ್ ಗುಡುಗಿದವು. ಬೋಟು ಇದ್ದಲ್ಲೇ ತಿರುಗಿ, ಮ್ಯಾನೇಜರನ ಆಫೀಸಿನ ಮುಂದಿನಿಂದಲೇ ಬಲೆಯ ಮೇಲಿನ ಸಂಡಿಗೆಯ ಸಮೇತ ಹೊರಟಿತು.

‘ಜಾಗ ಖಾಲಿ ಮಾಡಿ ಹೇಳಿದ್ರು, ಮಾಡಿದೆ. ಮನೆ ಖಾಲಿ ಮಾಡ್ಲಿಲ್ಲ’ ಎಂದರು. ಇಷ್ಟು ವರ್ಷ ಒಂದು ಫ್ಲಾಟಿನಿಂದ ಇನ್ನೊಂದಕ್ಕೆ ಡಬ್ಬ ಹೊತ್ತ ನನಗೆ ಆ ಮಾತು ಕೇಳಿ ಸಿಳ್ಳೆ ಹಾಕೋಣ ಎನಿಸಿತು. ಹಾಕಿಯೂಬಿಟ್ಟೆ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋಡುದೋಣಿ ಅಲ್ಲಾಡುವುದಿಲ್ಲ ಎಂದು ತೋರಿಸಲು ಮೇಜಿನ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟಿದ್ದರು. ಜೆಬೆಲ್ ಅಲಿ ದಾಟುವಾಗ ಗಾಳಿ ಎದ್ದಿತು. ಮಜ್ಜಿಗೆ ಲೋಟದಲ್ಲೇ ಇತ್ತು. ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರಕ್ಕೆ ಹೋಯಿತು. ‘ಮಜ್ಜಿಗೆ ಕುಡೀರಿ, ಸರಿಯಾಗ್ತದೆ’ ಎಂದು ಅಕ್ಕ ಬಿದ್ದು ಬಿದ್ದು ನಕ್ಕರು. ಸಂಜೆ ಅಬುಧಾಬಿಯಲ್ಲಿ ಬೋಟು ಕಟ್ಟಿದ ಕೂಡಲೇ ಮೊದಲು ಹೊರಗಿಟ್ಟದ್ದು ಚಪ್ಪಲಿಯ ಬುಟ್ಟಿಯನ್ನು.

ಅಲ್ಲಿ ವರ್ಷಗಟ್ಟಲೆ ಇದ್ದರು. ಬಸಳೆ ಇನ್ನೊಂದು ಕಂಬಿಗೂ ಹಬ್ಬಿತು. ಈಚೆಗೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸ್ವಂತ ಮಂಚದಲ್ಲಿ, ಅಮ್ಮನ ಫೋಟೋ ಇದ್ದ ಸ್ವಂತ ಮನೆಯಲ್ಲಿ. ದೇಹವನ್ನು ಊರಿಗೆ ಕೊಂಡೊಯ್ದು ಕಾರ್ಯ ಮುಗಿಸಿ ಬಂದ ತಮ್ಮ ಆ ಸಭೆ ಕರೆದರು. ಸಭೆಯಲ್ಲಿ ಆಡಿದ ಮಾತನ್ನು ಮೊದಲೇ ಹೇಳಿದ್ದೇನೆ. ಅದಾದ ಮೇಲೆ ಅವರು ನನ್ನ ಬಳಿ ಬಂದು, ಬೋಟು ಮಾರಿಸಿಕೊಡುವ ಬ್ರೋಕರ್ ಖಾಲಿ ಮಾಡಿ ಕೊಡಿ ಅಂದಿದ್ದಾನೆ, ಸಾಮಾನು ತೆಗೆಯಲು ನೀವೂ ಬರ್ತೀರಾ ಎಂದು ಕೇಳಿದರು. ಸಿಟ್ಟಿದ್ದರೂ ಹೋದೆ. ಕಾರಿನ ಹಿಂದೆ ರಟ್ಟಿನ ಡಬ್ಬಗಳು, ಟೇಪು, ಫೋಟೋ ಬಿಚ್ಚಲು ಸ್ಕ್ರೂಡ್ರೈವರ್.

ಧಕ್ಕೆಯ ಮೇಲೆ ಬುಟ್ಟಿ ಇತ್ತು. ಒಳಗೆ ನೀಲಿ ಹವಾಯಿ ಚಪ್ಪಲಿ. ನಾನು ನನ್ನದನ್ನು ಅದರ ಪಕ್ಕ ಬಿಟ್ಟು ಹತ್ತಿದೆ. ಜಗಲಿಯಲ್ಲಿ ನಿಂತು ತಿರುಗಿ ನೋಡಿದರೆ ತಮ್ಮ ಎಂದಿನ ಜಾಗದಲ್ಲೇ, ಡಬ್ಬ ಹಿಡಿದು ನಿಂತಿದ್ದಾರೆ. ತೆರೆದ ಬಾಗಿಲಿನಿಂದ ಅಮ್ಮನ ಫೋಟೋ ಅವರಿಗೆ ಕಾಣುತ್ತಿತ್ತು. ಇಷ್ಟು ವರ್ಷ ಅಲ್ಲಿ ನಿಂತೇ ಮಾತಾಡಿದ್ದರೂ ಅದನ್ನು ಅವರು ನೋಡಿದ್ದು ಆವತ್ತೇ ಇರಬೇಕು. ಬನ್ನಿ ಎನ್ನುವ, ಶೂ ಬಿಚ್ಚಿ ಎನ್ನುವ ಹಕ್ಕು ನನ್ನದಾಗಿರಲಿಲ್ಲ.

ಅವರು ಡಬ್ಬ ಕೆಳಗಿಟ್ಟು ಧಕ್ಕೆಯ ಮೇಲೆ ಕೂತರು. ಲೇಸು ಬಿಚ್ಚಿದರು. ಎರಡೂ ಶೂಗಳನ್ನು ಬುಟ್ಟಿಯಲ್ಲಿ, ನೀಲಿ ಚಪ್ಪಲಿಯ ಪಕ್ಕ ಇಟ್ಟು, ಕಾಲುಚೀಲವನ್ನೂ ತೆಗೆದು ಬರಿಗಾಲಲ್ಲಿ ಒಳಬಂದರು. ಫೋಟೋದ ಮುಂದೆ ಹೋಗಿ ನಿಂತರು. ನಾನು ಸ್ಕ್ರೂಡ್ರೈವರ್ ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಜಗಲಿಗೆ ಬಂದು, ನೀರಿಲ್ಲದೆ ಬಾಡಿದ್ದ ಬಸಳೆಯ ಬುಡಕ್ಕೆ ತಮ್ಮ ಬಾಟಲಿಯ ನೀರೆಲ್ಲ ಸುರಿದು ಕೂತರು.

‘ಆ ಡಬ್ಬಗಳನ್ನು ವಾಪಸ್ ಕಾರಲ್ಲಿಡಿ ಮಾರಾಯ್ರೆ’ ಎಂದರು. ‘ಮನೆ ಖಾಲಿ ಮಾಡುದು ಬೇಡ.’